ದೊಡ್ಡ ಟೆಂಟಿನ ಪರವಾಗಿ, ಭಾರಿ ಟೆಂಟಿನ ವಿರುದ್ಧವಾಗಿ

ಕನ್ನಡ ಸಂಘದ ಬೇಸಿಗೆ ಸಂಚಿಕೆಗೆ ನಾನು ಬರೆದುಕೊಟ್ಟದ್ದು ಇಷ್ಟೇ: ಅಮೆರಿಕದಲ್ಲಿರುವ ನಮ್ಮಂಥ ನಾಲ್ಕು ಜನರ ಸಂಸಾರ ಕ್ಯಾಂಪ್‌ಗ್ರೌಂಡಿಗೆ ಹೊರಟರೆ, ಪೆಟ್ಟಿಗೆಯ ಮೇಲೆ 'ಆರು ಜನರದು' ಎಂದು ಬರೆದ ಟೆಂಟಿಗಿಂತ ಚಿಕ್ಕದನ್ನು ಕೊಳ್ಳಬಾರದು. ಊರಿನಿಂದ ಹಿರಿಯರು ಬಂದಿದ್ದರೆ ಎಂಟು ಅಥವಾ ಒಂಬತ್ತು ಜನರದು ಬೇಕು. ಒಳಗೆ ನೆಟ್ಟಗೆ ನಿಲ್ಲುವಂತಿರಬೇಕು, ಮಳೆಹೊದಿಕೆ ನೆಲದ ಹತ್ತಿರದವರೆಗೆ ಇಳಿದಿರಬೇಕು. ಇಷ್ಟು ಬರೆದದ್ದಕ್ಕೆ ಎರಡೂ ದಿಕ್ಕಿನಿಂದ ಬೈಗುಳ ಬಿತ್ತು. ಬೆನ್ನಿಗೆ ಚೀಲ ಕಟ್ಟಿಕೊಂಡು ಬೆಟ್ಟ ಹತ್ತುವ ಗೆಳೆಯರು ನನ್ನನ್ನು ಸುಖಪುರುಷ ಎಂದರು. ಹನ್ನೆರಡು ಜನರ, ಮೂರು ಕೋಣೆಗಳ ಟೆಂಟಿಟ್ಟುಕೊಂಡವರು ಜಿಪುಣ ಎಂದರು. ಒಬ್ಬ ಹಿರಿಯರಂತೂ, "ಏನಯ್ಯಾ, ಗುಬ್ಬಿ ಕಂಪನಿ ನಾಟಕಕ್ಕೆ ಬಂತೇನೋ ಅಂದುಕೊಳ್ತಾರೆ ಜನ" ಎಂದು ನಕ್ಕರು. ನಗಲಿ. ಒಂದೊಂದಕ್ಕೂ ನನ್ನ ಉತ್ತರ ಇದೆ.

"ಕಂಪನಿಯೇ ನಾಲ್ಕು ಜನರದು ಅಂತ ಬರೆದಿದೆ. ನಾವು ನಾಲ್ಕೇ ಜನ. ಆರರದ್ದು ಯಾಕೆ?" ಎಲ್ಲರಿಗಿಂತ ಮೊದಲು ಬಂದ ಪ್ರಶ್ನೆ ಇದು. ಕಂಪನಿ ಸುಳ್ಳು ಬರೆದಿಲ್ಲ, ಅದರ ಎಣಿಕೆಯ ರೀತಿ ಬೇರೆ, ಅಷ್ಟೆ. ಸುಮಾರು 20 ಇಂಚು ಅಗಲ, ಆರು ಅಡಿ ಉದ್ದದ ಮಲಗುವ ಮ್ಯಾಟುಗಳನ್ನು ಒಂದಕ್ಕೊಂದು ಒತ್ತರಿಸಿ ಹಾಸಿದರೆ ಎಷ್ಟು ಹಿಡಿಯುತ್ತವೆಯೋ ಅಷ್ಟು ಜನ ಎಂದು ಲೆಕ್ಕ. ಒಂದು ಉದಾಹರಣೆ ನೋಡಿ. ಕೋಲ್‌ಮನ್ ಕಂಪನಿಯ ಸನ್‌ಡೋಮ್ ಎಂಬ ಅಗ್ಗದ, ಜನಪ್ರಿಯ ಟೆಂಟಿನ ನಾಲ್ಕು ಜನರ ಮಾದರಿಯ ನೆಲ 9 ಅಡಿಗೆ 7 ಅಡಿ. ಏಳು ಅಡಿ ಎಂದರೆ 84 ಇಂಚು. ನಾಲ್ಕು ಮ್ಯಾಟು ಸೇರಿದರೆ 80 ಇಂಚು. ಅಡ್ಡಕ್ಕೆ ಮಿಕ್ಕಿದ್ದು ನಾಲ್ಕು ಇಂಚು. ರಾತ್ರಿ ಮಗು ಮಗ್ಗುಲು ಬದಲಿಸಲು, ನೀವು ಎದ್ದು ಬಾತ್‌ರೂಮಿಗೆ ಹೋಗಲು, ಟಾರ್ಚ್ ಇಟ್ಟುಕೊಳ್ಳಲು, ಎಲ್ಲದಕ್ಕೂ ಪಕ್ಕದಲ್ಲಿ ಆ ನಾಲ್ಕು ಇಂಚೇ ಗತಿ.

ಅದೂ ಮ್ಯಾಟಿನ ಮೇಲೆ ಮಲಗುವವರ ಲೆಕ್ಕ. ನಮ್ಮವರಲ್ಲಿ ಎಷ್ಟು ಮಂದಿ ಆ ಬೆರಳು ದಪ್ಪದ ಮ್ಯಾಟಿನ ಮೇಲೆ ಮಲಗುತ್ತಾರೆ? ಮೊದಲ ಸಲ ಹೋದವರು ಮಲಗಿಯಾರು, ಎರಡನೇ ಸಲಕ್ಕೆ ಕ್ವೀನ್ ಅಳತೆಯ ಗಾಳಿಹಾಸಿಗೆ ಕಾರಿಗೇರುತ್ತದೆ. ಅದು 60 ಇಂಚಿಗೆ 80 ಇಂಚು. ಅದನ್ನು ಆ 84 ಇಂಚಿನಲ್ಲಿ ಹಾಕಿದರೆ ಇಬ್ಬರು ಮಕ್ಕಳಿಗೆ ಉಳಿಯುವುದು ಎರಡೇ ಅಡಿ. ಇನ್ನೊಂದು ತೊಂದರೆ ಲೆಕ್ಕದಲ್ಲಿ ಕಾಣುವುದಿಲ್ಲ, ಮಲಗಿದಾಗ ಮಾತ್ರ ತಿಳಿಯುತ್ತದೆ. ಗುಮ್ಮಟದಂತೆ ಬಾಗಿದ ಟೆಂಟಿನ ಗೋಡೆ ಅಂಚಿನಿಂದಲೇ ಒಳಕ್ಕೆ ವಾಲುತ್ತದೆ. ಹಾಸಿಗೆ ಒಂದು ಅಡಿ ಎತ್ತರ ಉಬ್ಬಿದರೆ ಅದರ ಮೂಲೆ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಗೋಡೆ ಹೋಗಿ ಮಳೆಹೊದಿಕೆಗೆ ತಾಗುತ್ತದೆ, ಬೆಳಗ್ಗೆ ಎದ್ದಾಗ ಕಂಬಳಿಯ ಒಂದು ತುದಿ ಒದ್ದೆ. ಆಗ ಟೆಂಟು ಸೋರಿತು ಎಂದು ದೂರುತ್ತೇವೆ.

ಈಗ ಅದೇ ಮಾದರಿಯ ಆರು ಜನರದ್ದನ್ನು ನೋಡಿ. ನೆಲ 10ಕ್ಕೆ 10 ಅಡಿ, ನಡುಮಧ್ಯದ ಎತ್ತರ 6 ಅಡಿ. ಅಡ್ಡಕ್ಕೆ 120 ಇಂಚು. ಹಾಸಿಗೆಗೆ 60, ಮಕ್ಕಳ ಎರಡು ಮ್ಯಾಟಿಗೆ 40, ನಡುವೆ ಕಾಲಿಡಲು 20. ಕಾಲಬುಡದಲ್ಲಿ ಮೂರು ಅಡಿಗೂ ಮಿಕ್ಕ ಜಾಗ. ಬಟ್ಟೆಚೀಲ ಅಲ್ಲಿ ಹೋಗುತ್ತದೆ. ಇದನ್ನು ಐಷಾರಾಮ ಅನ್ನುವವರಿಗೆ ಐಷಾರಾಮದ ಪರಿಚಯ ಅಷ್ಟಾಗಿ ಇದ್ದಂತಿಲ್ಲ.

ಬೆಟ್ಟ ಹತ್ತುವ ಗೆಳೆಯರ ಮುಖ್ಯ ವಾದ ಬೇರೆ. "ಟೆಂಟಿನಲ್ಲಿ ಮಾಡುವುದೇನು? ಮಲಗುವುದು. ಹಗಲೆಲ್ಲ ಹೊರಗಿರುತ್ತೇವೆ. ಮಲಗಲು ಮೈಯುದ್ದ ಜಾಗ ಸಾಕು." ಅವರ ಮಟ್ಟಿಗೆ ಇದು ನಿಜ. ಹೆಗಲ ಮೇಲೆ ಹೊರುವವನಿಗೆ ಒಂದೊಂದು ಪೌಂಡೂ ಮುಖ್ಯ. ನಮ್ಮ ಟೆಂಟು ಕಾರಿನ ಡಿಕ್ಕಿಯಿಂದ ಪಿಕ್‌ನಿಕ್ ಮೇಜಿನ ಪಕ್ಕಕ್ಕೆ, ಹೆಚ್ಚೆಂದರೆ ಮೂವತ್ತು ಹೆಜ್ಜೆ ಪ್ರಯಾಣ ಮಾಡುತ್ತದೆ. ಇಪ್ಪತ್ತು ಪೌಂಡ್ ಇದ್ದರೂ ಯಾರ ಬೆನ್ನೂ ಮುರಿಯುವುದಿಲ್ಲ. ಒಬ್ಬರ ಗೆಲುವಿನ ಸೂತ್ರ ಇನ್ನೊಬ್ಬರಿಗೆ ಹೊರೆಯಾಗುವುದು ಹೀಗೆ. ಒಳ್ಳೆಯ ಸಲಹೆಯೇ, ಆದರೆ ವಿಳಾಸ ತಪ್ಪಿದೆ.

'ಹಗಲೆಲ್ಲ ಹೊರಗಿರುತ್ತೇವೆ' ಎಂಬ ಮಾತನ್ನು ಮಾತ್ರ ಹಾಗೇ ಬಿಡಲಾಗದು. ಟೆಂಟಿನ ನಿಜವಾದ ಪರೀಕ್ಷೆ ರಾತ್ರಿ ನಡೆಯುವುದಲ್ಲ, ಮಳೆಯ ಮಧ್ಯಾಹ್ನ ನಡೆಯುವುದು. ನಿದ್ದೆ ಹೋದ ನಾಲ್ಕು ಜನ ಎಲ್ಲಾದರೂ ಹಿಡಿಯುತ್ತಾರೆ. ಎಚ್ಚರವಾಗಿರುವ ನಾಲ್ಕು ಜನ, ಅದರಲ್ಲೂ ಇಬ್ಬರು ಹತ್ತು ವರ್ಷದೊಳಗಿನವರು, ಹಿಡಿಯುವುದಿಲ್ಲ. ಟೆನೆಸಿ ಮತ್ತು ನಾರ್ತ್ ಕೆರೊಲಿನಾ ಗಡಿಯ ಗ್ರೇಟ್ ಸ್ಮೋಕಿ ಪರ್ವತಗಳಿಗೆ ನಮ್ಮವರು ಬೇಸಿಗೆ ಬಂತೆಂದರೆ ಹೊರಡುತ್ತಾರಲ್ಲ, ಅಲ್ಲಿ ಕಣಿವೆಗಳಲ್ಲಿ ವರ್ಷಕ್ಕೆ ಸುಮಾರು 55 ಇಂಚು, ಕೆಲವು ಶಿಖರಗಳಲ್ಲಿ 85 ಇಂಚಿಗೂ ಹೆಚ್ಚು ಮಳೆ ಸುರಿಯುತ್ತದೆ. ಆಗುಂಬೆ ಕಂಡವರಿಗೆ ಇದು ತುಂತುರು ಅನ್ನಿಸೀತು. ಆದರೆ ಆಗುಂಬೆಯ ಮಳೆ ಹೇಳಿ ಬರುತ್ತದೆ, ಅದಕ್ಕೊಂದು ಕಾಲ ಅಂತ ಇದೆ. ಸ್ಮೋಕಿಯ ಮಳೆ ವರ್ಷವಿಡೀ ಹಂಚಿಹೋಗಿದೆ. ಜುಲೈ ತಿಂಗಳ ಮಧ್ಯಾಹ್ನ ಬೆಳ್ಳಗೆ ಬಿಸಿಲಿದ್ದಾಗಲೇ ಮೋಡ ಕವಿದು, ಊಟದ ತಟ್ಟೆ ಕೈಯಲ್ಲಿರುವಾಗಲೇ ಹೊಯ್ಯುತ್ತದೆ. ಆಗ ನಾಲ್ಕೂ ಜನ ಒಳಗೆ ಓಡುತ್ತಾರೆ, ಎಲ್ಲರ ಕಾಲೂ ಕೆಸರು, ಎಲ್ಲರ ಬಟ್ಟೆಯೂ ಒದ್ದೆ. ಬಟ್ಟೆ ಬದಲಿಸಬೇಕು, ಒದ್ದೆಯದನ್ನು ಹಾಸಿಗೆಗೆ ತಾಗದಂತೆ ಒಂದು ಕಡೆ ಇಡಬೇಕು, ಮಕ್ಕಳಿಗೆ ಇಸ್ಪೀಟೋ ಚೌಕಾಬಾರವೋ ಹರಡಿಕೊಡಬೇಕು. ಎರಡು ಗಂಟೆ ಹೀಗೆ ಕೂರಬೇಕು. ಮೈಯುದ್ದದ ಟೆಂಟಿನಲ್ಲಿ ಈ ಎರಡು ಗಂಟೆ ಕಳೆದ ಸಂಸಾರ ಮುಂದಿನ ವರ್ಷ ಹೋಟೆಲ್ ಬುಕ್ ಮಾಡುತ್ತದೆ. ಕ್ಯಾಂಪಿಂಗ್ ನಮಗಲ್ಲ ಎಂದು ಕೈಬಿಟ್ಟ ಮನೆಗಳನ್ನು ನಾನು ಬಲ್ಲೆ. ಅವರಿಗೆ ಆಗದಿದ್ದದ್ದು ಕ್ಯಾಂಪಿಂಗ್ ಅಲ್ಲ, ಆ ಟೆಂಟು.

ಇಲ್ಲೊಂದು ಎಚ್ಚರಿಕೆ ಸೇರಿಸಬೇಕು. ಗುಡುಗು ಕೇಳಿಸಿದರೆ ಟೆಂಟು ಎಷ್ಟು ದೊಡ್ಡದಾದರೂ ಉಪಯೋಗವಿಲ್ಲ, ಸಿಡಿಲಿನಿಂದ ಅದು ಕಾಯುವುದಿಲ್ಲ. ಎಲ್ಲರೂ ಕಾರಿಗೆ ಹೋಗಿ ಕಿಟಕಿ ಏರಿಸಿ ಕೂರಬೇಕು. ನಾನು ಹೇಳುತ್ತಿರುವ ಎರಡು ಗಂಟೆ ಬರೀ ಮಳೆಯದು.

ಎತ್ತರದ ಬಗ್ಗೆ ಬಂದದ್ದು ವ್ಯಂಗ್ಯ: "ಒಳಗೆ ಭರತನಾಟ್ಯ ಮಾಡುತ್ತೀರಾ?" ಮಾಡುವುದಿಲ್ಲ. ಪ್ಯಾಂಟು ಹಾಕಿಕೊಳ್ಳುತ್ತೇವೆ. ಬೆನ್ನು ಬಾಗಿಸಿ, ಒಂದು ಮಂಡಿಯೂರಿ ಪ್ಯಾಂಟು ಏರಿಸುವುದು ಇಪ್ಪತ್ತೈದರ ವಯಸ್ಸಿಗೆ ತಮಾಷೆ, ನಲವತ್ತೈದಕ್ಕೆ ಶಿಕ್ಷೆ. ಆರು ತಿಂಗಳ ವೀಸಾದ ಮೇಲೆ ಮೈಸೂರಿನಿಂದಲೋ ಹಾಸನದಿಂದಲೋ ಬಂದ ಅಮ್ಮನಿಗೆ, ಅತ್ತೆಗೆ ಅದು ಸಾಧ್ಯವೇ ಇಲ್ಲ. ಸೀರೆ ಉಡುವವರು ನಿಂತೇ ಉಡಬೇಕು. ಮಂಡಿನೋವಿನವರು ನೆಲದಿಂದ ಏಳಲಾರರು. ಅವರಿಗೆ ಮಡಚುವ ಮಂಚ ಬೇಕು, ಅದು ಸುಮಾರು 30 ಇಂಚು ಅಗಲ. ನಾನು ಎಂಟು-ಒಂಬತ್ತು ಜನರ ಟೆಂಟು ಎಂದದ್ದು ಈ ಮಂಚಕ್ಕಾಗಿ. ಆ ವರ್ಗದಲ್ಲಿ 14 ಅಡಿಗೆ 9 ಅಡಿಯ ನೆಲ ಸಾಮಾನ್ಯ. ಹದಿನಾಲ್ಕು ಅಡಿ ಎಂದರೆ 168 ಇಂಚು: ದೊಡ್ಡ ಹಾಸಿಗೆ 60, ಮಕ್ಕಳದು 40, ಅಮ್ಮನ ಮಂಚ 30, ಉಳಿದದ್ದು ಓಡಾಡಲು. ಹಿರಿಯರ ಮಂಚ ಬಾಗಿಲಿನ ಪಕ್ಕ ಇರಲಿ. ರಾತ್ರಿ ಎರಡು ಸಲ ಏಳುವವರು ಅವರೇ.

ಎತ್ತರದ ಅಂಕಿಯಲ್ಲೂ ಒಂದು ಮೋಸವಿದೆ. ಪೆಟ್ಟಿಗೆಯ ಮೇಲೆ ಬರೆದ ಆರು ಅಡಿ ನಟ್ಟನಡುವಿನ ಒಂದೇ ಒಂದು ಬಿಂದುವಿನದು. ಗುಮ್ಮಟದ ಟೆಂಟಿನಲ್ಲಿ ಅಲ್ಲಿಂದ ಎರಡು ಹೆಜ್ಜೆ ಸರಿದರೆ ತಲೆ ತಾಗುತ್ತದೆ. ಗೋಡೆ ನೆಟ್ಟಗೆ ಏಳುವ, ಕ್ಯಾಬಿನ್ ಮಾದರಿ ಎಂದು ಕರೆಯುವ ಟೆಂಟಿನಲ್ಲಿ ಅಂಚಿನವರೆಗೂ ನಿಲ್ಲಬಹುದು. ಸಂಸಾರಕ್ಕೆ ಎರಡನೆಯದು ವಾಸಿ. ಅದರ ದೋಷ ಏನೆಂದು ಮುಂದೆ ಹೇಳುತ್ತೇನೆ.

ಈಗ ಇನ್ನೊಂದು ಕಡೆಯವರು. "ನಿಮ್ಮದೇ ತರ್ಕ ಹಿಡಿದರೆ ದೊಡ್ಡದಾದಷ್ಟೂ ಒಳ್ಳೆಯದು. ಹಾಗಿದ್ದ ಮೇಲೆ ಹನ್ನೆರಡು ಜನರದ್ದನ್ನೇ ಯಾಕೆ ಹೇಳಲಿಲ್ಲ?" ಹೇಳಲಿಲ್ಲ, ಏಕೆಂದರೆ ನಾನು ನೆಲವನ್ನೂ ಅಳೆದೆ. ಈ ದೇಶದ ಬಹಳಷ್ಟು ಕ್ಯಾಂಪ್‌ಗ್ರೌಂಡುಗಳಲ್ಲಿ ಟೆಂಟು ಎಲ್ಲಿ ಬೇಕಾದರೂ ಹಾಕುವಂತಿಲ್ಲ. ಮರದ ದಿಮ್ಮಿಗಳ ಚೌಕಟ್ಟು ಹಾಕಿ, ಒಳಗೆ ಸಣ್ಣ ಜಲ್ಲಿ ತುಂಬಿಸಿ, ನೀರು ಬಸಿದುಹೋಗುವಂತೆ ಮಾಡಿದ ಪ್ಯಾಡ್ ಇರುತ್ತದೆ. ಟೆಂಟು ಅದರ ಮೇಲೇ ಇರಬೇಕು. ಆ ಪ್ಯಾಡು 12 ಅಡಿ ಚೌಕವಿದ್ದು ನಿಮ್ಮ ಟೆಂಟು 20 ಅಡಿ ಉದ್ದವಿದ್ದರೆ ಏನು ಮಾಡುತ್ತೀರಿ? ಮಡಚುವುದಂತೂ ಆಗದು. ದಿಮ್ಮಿಯ ಆಚೆಗೆ ಚಾಚಿದ ಭಾಗ ಗುಳಿಬಿದ್ದು ನೀರು ಹಿಡಿಯುತ್ತದೆ, ಜಲ್ಲಿಯ ಉಪಕಾರ ಅಷ್ಟಕ್ಕೆ ಮುಗಿಯಿತು.

ಈ ಪ್ಯಾಡಿನ ನಿಯಮ ರೇಂಜರುಗಳ ಕಿರಿಕಿರಿ ಎಂದು ನನ್ನ ವಿರೋಧಿಗಳಲ್ಲಿ ಒಬ್ಬರು ಬರೆದಿದ್ದಾರೆ. ಹಾಗಾದರೆ ಎಮಿಲಿಯೊ ಮೈನೆಕಿ ಎಂಬಾತನ ಕೆಲಸ ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಆತ ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಸಸ್ಯರೋಗ ತಜ್ಞ. 1920ರ ದಶಕದಲ್ಲಿ ಕಾರುಗಳು ಅಗ್ಗವಾಗಿ ಜನ ಕಾಡಿಗೆ ನುಗ್ಗಿದರು. ಎಲ್ಲಿ ಮನಸ್ಸು ಬಂದರೆ ಅಲ್ಲಿ ಕಾರು ನಿಲ್ಲಿಸಿದರು, ಎಲ್ಲಿ ನೆರಳಿದ್ದರೆ ಅಲ್ಲಿ ಗುಡಾರ ಹೊಡೆದರು. ಕ್ಯಾಲಿಫೋರ್ನಿಯಾದ ಸಾವಿರಾರು ವರ್ಷದ ಕೆಂಪುಮರಗಳು ಯಾವ ರೋಗವೂ ಇಲ್ಲದೆ ಸೊರಗತೊಡಗಿದವು. ಬುಡದ ಮಣ್ಣು ಕಾಲಿಗೂ ಚಕ್ರಕ್ಕೂ ಸಿಕ್ಕಿ ಗಟ್ಟಿಯಾಗಿದೆ, ಬೇರಿಗೆ ನೀರೂ ಗಾಳಿಯೂ ಇಳಿಯುತ್ತಿಲ್ಲ ಎಂದು ಮೈನೆಕಿ ತೋರಿಸಿಕೊಟ್ಟ. ಜನರನ್ನು ಹೊರಗಿಡಬೇಕೆಂದು ಆತ ಹೇಳಲಿಲ್ಲ. 1932ರಲ್ಲಿ ಬರೆದ ಕ್ಯಾಂಪ್‌ಗ್ರೌಂಡ್ ನೀತಿಯಲ್ಲಿ ಒಂದೇ ದಿಕ್ಕಿಗೆ ಸಾಗುವ ಬಳಸುದಾರಿ, ಪ್ರತಿ ಸೈಟಿಗೆ ಕಾರು ನಿಲ್ಲಿಸಲು ಒಂದು ನಿಗದಿತ ಕವಲು, ಒಲೆಗೊಂದು, ಮೇಜಿಗೊಂದು, ಗುಡಾರಕ್ಕೊಂದು ಖಾಯಂ ಜಾಗ ಎಂದು ಯೋಜನೆ ಕೊಟ್ಟ. ಮರುವರ್ಷವೇ ರೂಸ್‌ವೆಲ್ಟ್ ಸರ್ಕಾರದ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಹುಟ್ಟಿಕೊಂಡಿತು, ಅದರ ಹುಡುಗರು ದೇಶದ ತುಂಬ ಈ ನಕ್ಷೆಯಂತೆ ಕ್ಯಾಂಪ್‌ಗ್ರೌಂಡ್ ಕಟ್ಟಿದರು. ಇವತ್ತು ನಾವು ಕಾರು ತಿರುಗಿಸುವ ಆ ಲೂಪ್ ಇದೆಯಲ್ಲ, ಅದು ಆತನದೇ. ಪ್ಯಾಡಿನ ಆಚೆ ಚಾಚಿದ ಎಂಟು ಅಡಿ ಟೆಂಟಿನ ಕೆಳಗಿರುವುದು ಒಂದು ಮರದ ಬೇರು. ನಿಯಮ ಹುಟ್ಟಿದ್ದೇ ಅದಕ್ಕಾಗಿ.

ಟೆಂಟಿನ ನೆಲದಳತೆಯಷ್ಟೇ ನೋಡಿದರೂ ಸಾಲದು. ಹಗ್ಗ ಎಳೆದು ಗೂಟ ಹೊಡೆಯಲು ಸುತ್ತ ಮೂರು-ನಾಲ್ಕು ಅಡಿ ಬೇಕು, ಮುಂಚಾವಣಿ ಇದ್ದರೆ ಆ ಕಡೆ ಇನ್ನಷ್ಟು. ಪ್ಯಾಡಿನ ಅಳತೆಯನ್ನು ಕುಳಿತಲ್ಲೇ ತಿಳಿಯಬಹುದು: ಸೈಟು ಬುಕ್ ಮಾಡುವ ಸರ್ಕಾರಿ ಜಾಲತಾಣ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಬಹಳಷ್ಟು ಸೈಟುಗಳ ವಿವರದಲ್ಲಿ ಪ್ಯಾಡಿನ ಉದ್ದ, ಅಗಲ ಕೊಟ್ಟಿರುತ್ತಾರೆ. ನಮ್ಮವರು ಅಲ್ಲಿ ನದಿ ಹತ್ತಿರವೇ, ಬಾತ್‌ರೂಮ್ ಹತ್ತಿರವೇ ಎಂದು ನೋಡುತ್ತಾರೆ, ಪ್ಯಾಡಿನ ಸಾಲನ್ನು ದಾಟಿಬಿಡುತ್ತಾರೆ.

ಭಾರಿ ಟೆಂಟಿನವರು ಮುಚ್ಚಿಡುವ ಇನ್ನೆರಡು ಸಂಗತಿಗಳಿವೆ. ಒಂದು ಒಣಗಿಸುವುದು. ಒದ್ದೆ ಟೆಂಟನ್ನು ಸುತ್ತಿ ಚೀಲಕ್ಕೆ ತುರುಕಿ ಒಂದು ವಾರ ಬಿಟ್ಟರೆ ಬೂಷ್ಟು ಹಿಡಿದು ನಾರುತ್ತದೆ, ಪದೇ ಪದೇ ಹೀಗಾದರೆ ಒಳಮೈಯ ಲೇಪವೂ ಅಂಟಂಟಾಗಿ ಸುಲಿಯತೊಡಗುತ್ತದೆ. ಹಿತ್ತಲಿರುವ ಮನೆಯವರು ಹರಡಿಯಾರು. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ, ಆರು ಅಡಿ ಬಾಲ್ಕನಿಯಲ್ಲಿ, ಇಪ್ಪತ್ತು ಅಡಿ ಬಟ್ಟೆಯನ್ನು ಎಲ್ಲಿ ಹರಡುತ್ತೀರಿ? ಇನ್ನೊಂದು ಗಾಳಿ. ಕ್ಯಾಬಿನ್ ಮಾದರಿಯ ದೋಷ ಹೇಳುತ್ತೇನೆ ಎಂದಿದ್ದೆನಲ್ಲ, ಅದು ಇದೇ. ನೆಟ್ಟನೆ ಗೋಡೆ ಗಾಳಿಗೆ ಎದೆಕೊಟ್ಟು ನಿಲ್ಲುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ, ಗೋಡೆ ದೊಡ್ಡದಾದಷ್ಟೂ ಆ ಒತ್ತಡ ಬೀಳುವ ಮೈಯೂ ದೊಡ್ಡದು. ಮರಗಳ ನಡುವಿನ ಸ್ಮೋಕಿಯಲ್ಲಿ ಇದು ಅಷ್ಟು ಕಾಡುವುದಿಲ್ಲ. ಬಯಲಿನಲ್ಲಿ, ಮರುಭೂಮಿಯಲ್ಲಿ, ಸಮುದ್ರದ ದಂಡೆಯಲ್ಲಿ ಕಾಡುತ್ತದೆ. ಮೇರಿಲ್ಯಾಂಡಿನ ಅಸಟೀಗ್ ದ್ವೀಪದ ಮರಳಿನಲ್ಲಿ ಪೆಟ್ಟಿಗೆಯ ಜೊತೆ ಬಂದ ತೆಳು ಗೂಟ ಬೆಣ್ಣೆಗೆ ಚುಚ್ಚಿದ ಕಡ್ಡಿಯಂತೆ ಎದ್ದು ಬರುತ್ತದೆ. ಅಲ್ಲಿಗೆ ಮರಳಿಗೆಂದೇ ಮಾಡಿದ ಉದ್ದನೆಯ ಗೂಟ ಬೇಕು. ಹತ್ತು ಅಡಿ ಗೋಡೆಯನ್ನು ಇಬ್ಬರು ಹಗ್ಗ ಬಿಗಿದು ಸಂಭಾಳಿಸಬಹುದು. ಇಪ್ಪತ್ತು ಅಡಿಯದನ್ನು ಸಂಭಾಳಿಸಲು ನೆರೆಯ ಸೈಟಿನವರನ್ನು ಕರೆಯಬೇಕಾಗುತ್ತದೆ.

ಅಷ್ಟು ದೊಡ್ಡದು ಯಾರಿಗಾಗಿ ಎಂಬುದೂ ಪ್ರಶ್ನೆಯೇ. ಸ್ಮೋಕಿಯಲ್ಲಾಗಲಿ ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಾಗಲಿ ಮಾಮೂಲಿ ಸೈಟಿಗೆ ಮಕ್ಕಳೂ ಸೇರಿ ಆರೇ ಜನ. ಮೂರು ಸಂಸಾರ ಒಟ್ಟಿಗೆ ಹೋಗುವ ನಮ್ಮ ಪದ್ಧತಿಗೆ ಹೇಗೂ ಎರಡು ಮೂರು ಸೈಟು ಬೇಕು. ಎಲ್ಲರೂ ಒಂದೇ ಸೂರಿನಡಿ ಮಲಗುವ ಆಸೆ ಮದುವೆ ಛತ್ರಕ್ಕಿರಲಿ.

"ಒಂದು ನಿಮಿಷದಲ್ಲಿ ನಿಲ್ಲುವ ಇನ್‌ಸ್ಟಂಟ್ ಟೆಂಟು ಇರುವಾಗ ಕಂಬ ತೂರಿಸುವ ರಗಳೆ ಯಾಕೆ?" ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಶುಕ್ರವಾರ ಸಂಜೆ ಆಫೀಸು ಮುಗಿಸಿ, ನಾಲ್ಕು ಗಂಟೆ ಕಾರು ಓಡಿಸಿ, ಕತ್ತಲಲ್ಲಿ ತಲುಪಿ, ಮಕ್ಕಳು ಅಳುತ್ತಿರುವಾಗ, ಕಂಬಗಳೆಲ್ಲ ಜೋಡಿಸಿಯೇ ಇರುವ ಟೆಂಟು ದೇವರು ಕೊಟ್ಟ ವರದಂತೆ ಕಾಣುತ್ತದೆ. ಆದರೆ ಆ ಒಂದು ನಿಮಿಷ ಅಸ್ಥಿಪಂಜರ ನಿಲ್ಲಿಸುವುದಕ್ಕೆ ಮಾತ್ರ. ಗೂಟ ಹೊಡೆಯುವುದು, ಹೊದಿಕೆ ಎಳೆಯುವುದು, ಹಗ್ಗ ಬಿಗಿಯುವುದು ಯಾವ ಟೆಂಟಿನಲ್ಲೂ ತಪ್ಪದು. ಮಡಚಿದಾಗ ಇದು ಸುಮಾರು ನಾಲ್ಕು ಅಡಿ ಉದ್ದದ ಗಂಟು. ಮಿನಿವ್ಯಾನ್ ಇದ್ದವರಿಗೆ ಚಿಂತೆಯಿಲ್ಲ, ಸೆಡಾನ್ ಇದ್ದವರು ಮೊದಲು ಡಿಕ್ಕಿ ಅಳೆಯಿರಿ. ಕಂಬಗಳು ಸೇರುವ ಪ್ಲಾಸ್ಟಿಕ್ ಕೀಲು ಮುರಿದರೆ ಕಾಡಿನಲ್ಲಿ ರಿಪೇರಿ ಕಷ್ಟ. ಬಿಡಿ ಅಲ್ಯೂಮಿನಿಯಂ ಕಂಬ ಬಾಗಿದರೆ ಒಂದು ತುಂಡು ಕೊಳವೆ ತೂರಿಸಿ, ಟೇಪು ಸುತ್ತಿ ಆ ರಾತ್ರಿ ಕಳೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಈ ಬಗೆಯ ಕೆಲವು ಟೆಂಟುಗಳ ಮಳೆಹೊದಿಕೆ ತಲೆಯ ಮೇಲಿನ ಟೋಪಿಯಷ್ಟೇ ಇರುತ್ತದೆ. ನೆಲದವರೆಗೆ ಇಳಿಯುವ ಹೊದಿಕೆಯ ಇನ್‌ಸ್ಟಂಟ್ ಟೆಂಟು ಸಿಕ್ಕರೆ ಧಾರಾಳವಾಗಿ ಕೊಳ್ಳಿ, ನನ್ನ ತಕರಾರಿಲ್ಲ.

ಇಲ್ಲಿಂದ ಅಂಕಿಪ್ರಿಯರ ಆಕ್ಷೇಪಕ್ಕೆ ಬರುತ್ತೇನೆ. "ನಮ್ಮ ಟೆಂಟಿನ ಜಲನಿರೋಧ 3000 ಮಿಲಿಮೀಟರ್. ನೀವು ಹೊಗಳಿದ್ದು 1200ರದ್ದು. ಯಾವುದು ಮೇಲು?" ಈ ಅಂಕಿಯ ಅರ್ಥ ಇಷ್ಟು: ಬಟ್ಟೆಯ ಮೇಲೆ ಕೊಳವೆಯಿಟ್ಟು ನೀರು ತುಂಬುತ್ತಾ ಹೋದರೆ, ಎಷ್ಟು ಎತ್ತರದ ನೀರಿನ ಭಾರಕ್ಕೆ ಆ ಬಟ್ಟೆ ಒಸರಲು ಶುರುಮಾಡುತ್ತದೆ ಎಂಬುದು. 1200 ಎಂದರೆ ಒಂದು ಕಾಲು ಮೀಟರಿನ ಹತ್ತಿರ. ಇಳಿಜಾರಿನ ಹೊದಿಕೆಗೆ ಬೀಳುವ ಮಳೆಹನಿ ಅಷ್ಟು ಒತ್ತುವುದಿಲ್ಲ. ನೆಲಕ್ಕೆ ಮಾತ್ರ ಹೆಚ್ಚಿನ ಅಂಕಿ ಬೇಕು, ಏಕೆಂದರೆ ಒದ್ದೆ ನೆಲದ ಮೇಲೆ ನೀವು ಮಂಡಿಯೂರಿದಾಗ ಇಡೀ ಮೈಭಾರ ಅಂಗೈಯಗಲದ ಜಾಗದಲ್ಲಿ ಬೀಳುತ್ತದೆ. ಸಂಸಾರದ ಟೆಂಟುಗಳು ಸೋರುವುದು ಬಟ್ಟೆಯ ಮೂಲಕ ಅಪರೂಪ. ಹೊಲಿಗೆಯಲ್ಲಿ ಸೋರುತ್ತವೆ, ಜಿಪ್ಪಿನಲ್ಲಿ ಸೋರುತ್ತವೆ. ಛಾವಣಿಯ ಜಾಲರಿಗೆ ಟೋಪಿ ಚಿಕ್ಕದಾಗಿ, ಗಾಳಿಗೆ ಓರೆಯಾದ ಮಳೆ ನೇರ ಒಳಗೆ ಬರುತ್ತದೆ. ಮೂರು ಸಾವಿರದ ಬಟ್ಟೆಗೆ ಟೇಪು ಹಾಕದ ಹೊಲಿಗೆ ಇದ್ದರೆ ಆ ಮೂರು ಸಾವಿರ ಯಾವ ಲೆಕ್ಕಕ್ಕೂ ಇಲ್ಲ. ಇದಕ್ಕೇ ನಾನು ಅಂಕಿ ಬಿಟ್ಟು ಹೊದಿಕೆಯ ಉದ್ದ ನೋಡಿ ಎಂದದ್ದು. ಬಟ್ಟೆಯ ಜಾತಿ ಕೇಳಿದರೆ, ದೊಡ್ಡ ಟೆಂಟಿಗೆ ಪಾಲಿಯೆಸ್ಟರ್ ಹೊದಿಕೆಯೇ ಸರಿ. ನೈಲಾನ್ ನೆನೆದರೆ ಹಿಗ್ಗಿ ಜೋತುಬೀಳುತ್ತದೆ, ಬಿಸಿಲಿಗೂ ಬೇಗ ಸೋಲುತ್ತದೆ.

ಟೆಂಟಿನ ಕೆಳಗೆ ಹಾಸುವ ಟಾರ್ಪಾಲಿನಲ್ಲೂ ನಮ್ಮವರು ಎಡವುತ್ತಾರೆ. ದೊಡ್ಡದಿರಲಿ ಎಂದು ಟೆಂಟಿಗಿಂತ ಒಂದಡಿ ಹೊರಚಾಚುವಂತೆ ಹಾಸುತ್ತಾರೆ. ಹೊದಿಕೆಯಿಂದ ಇಳಿದ ನೀರೆಲ್ಲ ಅದರ ಮೇಲೆ ಬಿದ್ದು, ಟೆಂಟಿನ ಅಡಿಗೆ ಹರಿದು, ಅಲ್ಲೇ ನಿಲ್ಲುತ್ತದೆ. ಟಾರ್ಪಾಲು ನೆಲದಳತೆಗಿಂತ ಎಲ್ಲ ಕಡೆ ಎರಡು ಮೂರು ಇಂಚು ಕಡಿಮೆ ಇರಬೇಕು, ಹೆಚ್ಚಿದ್ದರೆ ಒಳಕ್ಕೆ ಮಡಚಬೇಕು.

"ಮಳೆಯೇ ಬರಲಿಲ್ಲ, ಆದರೂ ಬೆಳಗ್ಗೆ ಒಳಗೆಲ್ಲ ನೀರು ತೊಟ್ಟಿಕ್ಕಿತು. ನೀವು ಹೇಳಿದ ಪೂರ್ತಿ ಹೊದಿಕೆಯ ಫಲ ಇದು" ಎಂದು ಒಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಫಲ ಹೊದಿಕೆಯದಲ್ಲ. ಚಳಿಯೆಂದು ಎಲ್ಲ ಕಿಂಡಿಗಳನ್ನೂ ಮುಚ್ಚಿದ್ದರ ಫಲ. ಐದು ಜನ ರಾತ್ರಿಯಿಡೀ ಬಿಡುವ ಉಸಿರಿನ ಆವಿ ತಣ್ಣಗಿನ ಬಟ್ಟೆಗೆ ತಾಗಿ ನೀರಾಗುತ್ತದೆ. ಮೇಲಿನ ಕಿಂಡಿ ತೆರೆದಿರಬೇಕು, ಬುಡದಲ್ಲೂ ಗಾಳಿ ಬರಲು ದಾರಿ ಇರಬೇಕು. ಚಳಿಗೆ ಮದ್ದು ದಪ್ಪ ಸ್ಲೀಪಿಂಗ್ ಬ್ಯಾಗು.

ನನ್ನ ಪರ ನಿಂತವರಿಗೂ ಒಂದು ಉತ್ತರ ಕೊಡಬೇಕಾಗಿದೆ. ದೊಡ್ಡ ಟೆಂಟಿನ ಲಾಭಗಳಲ್ಲಿ ಒಬ್ಬರು ಇದನ್ನೂ ಸೇರಿಸಿದ್ದಾರೆ: "ಮಳೆ ಬಂದರೆ ಒಳಗೇ ಸ್ಟವ್ ಹಚ್ಚಿ ಕಾಫಿ ಮಾಡಿಕೊಳ್ಳಬಹುದು, ರಾತ್ರಿ ಒಂದಿಷ್ಟು ಇದ್ದಿಲ ಕೆಂಡ ಇಟ್ಟುಕೊಂಡರೆ ಬೆಚ್ಚಗೂ ಇರುತ್ತದೆ." ಬೇಡ. ಕೈಮುಗಿದು ಹೇಳುತ್ತೇನೆ, ಬೇಡ. ಇದ್ದಿಲು, ಗ್ಯಾಸ್ ಸ್ಟವ್, ಪ್ರೊಪೇನ್ ಹೀಟರ್ ಯಾವುದು ಉರಿದರೂ ಕಾರ್ಬನ್ ಮೊನಾಕ್ಸೈಡ್ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಕೆಂಡ ಆರಿದಂತೆ ಕಂಡಾಗಲೂ ಅದು ಬರುತ್ತಲೇ ಇರುತ್ತದೆ. ಟೆಂಟು ದೊಡ್ಡದಿದ್ದರೆ ಅಪಾಯ ತಪ್ಪುತ್ತದೆ ಎಂದು ನಂಬಬೇಡಿ. ಬೆಂಕಿ ತಾಗಿದರೆ ಪಾಲಿಯೆಸ್ಟರ್ ಕರಗಿ ಮೈಗಂಟುತ್ತದೆ, ಅದು ಬೇರೆ. ಕಾಫಿ ಬೇಕಿದ್ದರೆ ಪಿಕ್‌ನಿಕ್ ಮೇಜಿನ ಮೇಲೆ ನಾಲ್ಕು ಕಡೆ ತೆರೆದ ಟಾರ್ಪಾಲು ಕಟ್ಟಿ, ಅದರ ಕೆಳಗೆ ಮಾಡಿ. ಫ್ಲಾಸ್ಕಿನಲ್ಲಿ ತುಂಬಿಕೊಂಡು ಒಳಗೆ ಬನ್ನಿ.

ತಿಂಡಿಯ ಮಾತೂ ಹೀಗೆಯೇ. ದೊಡ್ಡ ಟೆಂಟೆಂದರೆ ಒಂದು ಮೂಲೆಯಲ್ಲಿ ಅಡುಗೆಮನೆ ತೆರೆಯುವ ಚಾಳಿ ಇದೆ: ಪುಳಿಯೋಗರೆ ಡಬ್ಬಿ, ಕೋಡುಬಳೆ, ಉಪ್ಪಿನಕಾಯಿ. ಯೊಸೆಮಿಟಿಯಲ್ಲಿ ತಿನ್ನುವ ಪದಾರ್ಥವನ್ನು ಟೆಂಟಿನಲ್ಲಿಡುವುದು ನಿಷಿದ್ಧ. ಸೈಟಿಗೊಂದು ಕಬ್ಬಿಣದ ಕಪಾಟು ಇರುತ್ತದೆ, ಎಲ್ಲವೂ ಅದರಲ್ಲೇ, ಟೂತ್‌ಪೇಸ್ಟ್ ಕೂಡ. ಕರಡಿಗೆ ಪುಳಿಯೋಗರೆ ಗೊಜ್ಜಿನ ಪರಿಚಯ ಮಾಡಿಕೊಡುವುದು ನಮ್ಮ ಕೆಲಸವಲ್ಲ.

"ಒಂದು ದೊಡ್ಡದರ ಬದಲು ಎರಡು ಚಿಕ್ಕವು ಯಾಕಾಗಬಾರದು?" ಬಂದ ಆಕ್ಷೇಪಗಳಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಇದನ್ನೇ. ಚಿಕ್ಕ ಟೆಂಟುಗಳು ಯಾವ ಪ್ಯಾಡಿಗೂ ಹೊಂದುತ್ತವೆ, ಗಾಳಿಗೆ ಬಗ್ಗುವುದಿಲ್ಲ, ಬಾಲ್ಕನಿಯಲ್ಲಿ ಒಣಗುತ್ತವೆ. ಮಕ್ಕಳು ಹದಿಹರೆಯಕ್ಕೆ ಬಂದಿದ್ದರೆ ಹಾಗೇ ಮಾಡಿ. ಅವರಿಗೂ ನಿಮ್ಮಿಂದ ದೂರ ಇರುವುದು ಬೇಕು, ನಿಮಗೂ ಅವರ ಫೋನಿನ ಬೆಳಕು ಬೇಡ. ಒಂದು ಸೈಟಿಗೆ ಎಷ್ಟು ಟೆಂಟು ಎಂಬ ಮಿತಿ ಇರುತ್ತದೆ, ಅದನ್ನು ನೋಡಿಕೊಂಡರಾಯಿತು. ಆರು ವರ್ಷದ ಮಗುವನ್ನು ಮಾತ್ರ, ಗೂಬೆ ಕೂಗಿದರೆ ಬೆಚ್ಚುವ ವಯಸ್ಸಿನಲ್ಲಿ, ಬೇರೆ ಟೆಂಟಿನಲ್ಲಿ ಮಲಗಿಸಲು ಆಗುವುದಿಲ್ಲ. ಅಪ್ಪ ಒಂದರಲ್ಲಿ ಅಮ್ಮ ಇನ್ನೊಂದರಲ್ಲಿ ಎಂದು ಹಂಚಿಕೊಳ್ಳುವುದಾದರೆ, ಮಳೆಯ ಮಧ್ಯಾಹ್ನ ಚೌಕಾಬಾರ ಎಲ್ಲಿ ಆಡುತ್ತೀರಿ?

ಆರ್‌ವಿ ಗಾಡಿಯವರ ವಾದಕ್ಕೆ ಹೆಚ್ಚು ಜಾಗ ಕೊಡುವುದಿಲ್ಲ. ಅದು ಬೇರೆಯೇ ಆಟ, ಬೇರೆಯೇ ಖರ್ಚು. ಯೆಲ್ಲೋಸ್ಟೋನಿನ ಫಿಶಿಂಗ್ ಬ್ರಿಜ್‌ನಂಥ ಕಡೆ ಗ್ರಿಜ್ಲಿ ಕರಡಿಗಳ ಓಡಾಟದಿಂದಾಗಿ ಬಟ್ಟೆಯ ಟೆಂಟಿಗೆ ಅನುಮತಿಯೇ ಇಲ್ಲ, ಗಟ್ಟಿಗೋಡೆಯ ಗಾಡಿಗೆ ಮಾತ್ರ. ಅಲ್ಲಿ ನಿಮ್ಮದೇ ಗೆಲುವು. ಕ್ಯಾನ್ವಾಸ್ ಟೆಂಟಿನ ಭಕ್ತರಿಗೂ ಇಷ್ಟೇ ಚಿಕ್ಕ ಉತ್ತರ: ಹತ್ತಡಿ ಚೌಕದ್ದೇ 60 ಪೌಂಡ್ ದಾಟುತ್ತದೆ, ಒಣಗಲು ದಿನ ಹಿಡಿಯುತ್ತದೆ. ಇಪ್ಪತ್ತು ವರ್ಷ ಬಾಳುವುದೂ ನಿಜ. ಗ್ಯಾರೇಜು, ಹಿತ್ತಲು, ಗಟ್ಟಿ ರಟ್ಟೆ ಮೂರೂ ಇದ್ದವರು ಕೊಳ್ಳಿ.

"ವರ್ಷಕ್ಕೆ ಎರಡು ಸಲ ಹೋಗುವುದಕ್ಕೆ ಇಷ್ಟು ದುಡ್ಡೇ?" ಎನ್ನುವವರು ಕೊನೆಗೆ ಉಳಿದರು. ಅವರ ಮಾತು ತಳ್ಳಿಹಾಕುವಂಥದ್ದಲ್ಲ. ಒಳ್ಳೆಯ ಕಂಬ, ಪೂರ್ತಿ ಹೊದಿಕೆ, ಟೇಪು ಹಾಕಿದ ಹೊಲಿಗೆ ಇರುವ ಆರು-ಎಂಟು ಜನರ ಟೆಂಟಿಗೆ ನಾನೂರು ಐನೂರು ಡಾಲರ್ ಆಗುತ್ತದೆ. ಮೊದಲ ಸಲ ಬಾಡಿಗೆಗೆ ತನ್ನಿ. ಆರ್‌ಇಐ ಎಂಬ ಕ್ಯಾಂಪಿಂಗ್ ಸಾಮಗ್ರಿ ಕಂಪನಿಯ ಹಲವು ಮಳಿಗೆಗಳಲ್ಲಿ ಟೆಂಟು ಬಾಡಿಗೆಗೆ ಸಿಗುತ್ತದೆ. ಗೆಳೆಯರ ಮನೆಯ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿರುವುದೂ ಇರಬಹುದು. ಕೊಳ್ಳುವುದೇ ಆದರೆ, ಮನೆಯ ಹಾಲಿನಲ್ಲಿ ಸೋಫಾ ಸರಿಸಿ, ಟೆಂಟಿನ ನೆಲದಳತೆಗೆ ಟೇಪು ಅಂಟಿಸಿ, ನಿಮ್ಮದೇ ಹಾಸಿಗೆ, ಚೀಲ, ಅಮ್ಮನ ಮಂಚ ಎಲ್ಲ ಇಟ್ಟು ನೋಡಿ. ಅರ್ಧ ಗಂಟೆಯ ಕೆಲಸ. ಅಂಗಡಿಯವನೂ ನಾನೂ ನನ್ನ ವಿರೋಧಿಗಳೂ ಹೇಳುವುದಕ್ಕಿಂತ ಹೆಚ್ಚು ಅದು ಹೇಳುತ್ತದೆ.

ಆದರೆ ಟೆಂಟಿಗಿಂತ ಮೊದಲು ಸೈಟು ಬುಕ್ ಮಾಡಿ, ಪ್ಯಾಡಿನ ಅಳತೆ ಬರೆದಿಟ್ಟುಕೊಂಡು ಆಮೇಲೆ ಅಂಗಡಿಗೆ ಹೋಗಿ. ಒಕ್ಕೂಟ ಸರ್ಕಾರದ ಬಹಳಷ್ಟು ಕ್ಯಾಂಪ್‌ಗ್ರೌಂಡುಗಳ ಬುಕಿಂಗ್ ಆರು ತಿಂಗಳು ಮುಂಚೆ ತೆರೆಯುತ್ತದೆ. ಯೊಸೆಮಿಟಿಯ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿಗೆ ಐದು ತಿಂಗಳು ಮುಂಚೆ, ತಿಂಗಳ 15ನೇ ತಾರೀಖು, ಪೆಸಿಫಿಕ್ ಕಾಲಮಾನ ಬೆಳಗ್ಗೆ 7 ಗಂಟೆಗೆ. ಬೇಸಿಗೆಯ ಸೈಟುಗಳು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತವೆ, ಏಳಕ್ಕೆ ಐದು ನಿಮಿಷ ಇರುವಾಗಲೇ ಲಾಗಿನ್ ಆಗಿ ಕೂತಿರಿ.